ಮುಪ್ಪಿನಲ್ಲಿ ಬೆನ್ನು ವಾರೆಯಾದಾಗ

ವಯಸ್ಸಾದವರ ಬೆನ್ನು ಬಾಗುವುದು ನಮಗೆಲ್ಲ ಎಷ್ಟು ರೂಢಿಯಾದ ನೋಟವೆಂದರೆ, ಅದನ್ನು ಕಂಡು ನಾವು ಬೆರಗಾಗುವುದೂ ಇಲ್ಲ, ವಿಚಾರಿಸುವುದೂ ಇಲ್ಲ. ಕೂದಲು ನರೆತಂತೆ, ಹಲ್ಲು ಬಿದ್ದಂತೆ ಇದೂ ಒಂದು ಎಂದು ಸುಮ್ಮನಾಗುತ್ತೇವೆ. ಆದರೆ ಎಲ್ಲ ಬಾಗೂ ಒಂದೇ ಬಗೆಯದಲ್ಲ. ಮುಂದಕ್ಕೆ ಬಾಗುವ ಗೂನು ಬೇರೆ. ಎಡಕ್ಕೋ ಬಲಕ್ಕೋ ವಾಲಿ, ತುಸು ತಿರುಚಿಕೊಂಡು ನಿಲ್ಲುವ ವಾರೆಬೆನ್ನು ಬೇರೆ. ಈ ಎರಡನೆಯದನ್ನು ಡಾಕ್ಟರರು ಸ್ಕೋಲಿಯೋಸಿಸ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಡೊಂಕು ಎಂಬ ಅರ್ಥವುಳ್ಳ ಶಬ್ದದಿಂದ ಬಂದ ಹೆಸರು ಅದು. ಬೆಳೆಯುವ ಮಕ್ಕಳಲ್ಲಿ ಕಾಣುವ ಡೊಂಕು ಒಂದು ಜಾತಿಯದಾದರೆ, ನೆಟ್ಟಗಿದ್ದ ಬೆನ್ನು ಸವೆದು ಮುಪ್ಪಿನಲ್ಲಿ ವಾರೆಯಾಗುವುದು ಇನ್ನೊಂದು ಜಾತಿ. ಇಲ್ಲಿ ಹೇಳಹೊರಟಿರುವುದು ಆ ಮುಪ್ಪಿನ ಡೊಂಕಿನ ವಿಚಾರ.

ಇದನ್ನು ಬರೆಯುತ್ತಿರುವವನು ವೈದ್ಯನಲ್ಲ. ಮುಂಬಯಿಯ ಸರಕಾರಿ ಕಚೇರಿಯೊಂದರಲ್ಲಿ ಕಡತಗಳ ನಡುವೆ ದಿನ ಕಳೆಯುವ ಕಾರಕೂನ. ಆದರೆ ಎಪ್ಪತ್ತೊಂದು ವಯಸ್ಸಿನ ತಾಯಿಯವರ ವಾರೆಬೆನ್ನಿನ ಸಂಗಡ ನಮ್ಮ ಮನೆ ನಾಲ್ಕು ವರ್ಷಗಳಿಂದ ಬಾಳುವೆ ನಡೆಸಿದೆ. ಈ ಅವಧಿಯಲ್ಲಿ ಡಾಕ್ಟರರಿಂದಲೂ, ವ್ಯಾಯಾಮ ಹೇಳಿಕೊಟ್ಟವರಿಂದಲೂ, ಓದಿನಿಂದಲೂ ತಿಳಿದುಕೊಂಡುದನ್ನು, ನಮ್ಮಂತೆಯೇ ಊರು ಬಿಟ್ಟು ಬಂದು, ಹಿರಿಯರನ್ನು ಕರೆತಂದು ಇರಿಸಿಕೊಂಡಿರುವ ಕನ್ನಡ ಕುಟುಂಬಗಳ ಮುಂದಿಡಬೇಕೆನಿಸಿತು. ಹೇಳಬೇಕಾದ ಮುಖ್ಯ ಮಾತು ಒಂದೇ: ಈ ಬೆನ್ನನ್ನು ನೆಟ್ಟಗೆ ಮಾಡುವ ಹಟಕ್ಕೆ ಬೀಳಬಾರದು, ಆ ಬೆನ್ನಿನವರು ನಡೆದಾಡುತ್ತ ಇರುವಂತೆ ನೋಡಿಕೊಳ್ಳಬೇಕು.

ಡೊಂಕು ಬರುವ ಬಗೆ

ನಮ್ಮ ಬೆನ್ನೆಲುಬು ಒಂದೇ ಕೋಲಲ್ಲ. ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 12, ಟೊಂಕದಲ್ಲಿ 5, ಹೀಗೆ ಅಲುಗಾಡುವ 24 ಮಣಿಗಳು ಒಂದರ ಮೇಲೊಂದು ಕುಳಿತಿವೆ. (ಮೈಸೂರಿನ ಕಡೆಯವರು ಸೊಂಟ ಎನ್ನುವುದನ್ನೇ ಧಾರವಾಡದ ಕಡೆಯವರಾದ ನಾವು ಟೊಂಕ ಎನ್ನುತ್ತೇವೆ.) ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ, ಹಿಂಬದಿಗೆ ಎಡಬಲಗಳಲ್ಲಿ ಸಣ್ಣ ಸಣ್ಣ ಕೀಲುಗಳಿವೆ. ವಯಸ್ಸಾದಂತೆ ಮೆತ್ತೆಗಳ ನೀರಿನಂಶ ಆರಿ ಅವು ತೆಳ್ಳಗಾಗುತ್ತವೆ. ಎರಡೂ ಕಡೆ ಸಮನಾಗಿ ಸವೆದರೆ ಮನುಷ್ಯ ತುಸು ಗಿಡ್ಡನಾಗುತ್ತಾನೆ, ಅಷ್ಟೆ. ಆದರೆ ಒಂದು ಕಡೆ ಹೆಚ್ಚು ಸವೆದರೆ ಮೇಲಿನ ಮಣಿ ಆ ಕಡೆಗೆ ವಾಲುತ್ತದೆ. ವಾಲಿದ ಕಡೆಗೇ ದೇಹದ ಭಾರ ಬೀಳುವುದರಿಂದ ಆ ಕಡೆ ಮತ್ತಷ್ಟು ಸವೆಯುತ್ತದೆ. ಚಪ್ಪಲಿಯ ಹಿಮ್ಮಡಿ ಒಂದು ಪಕ್ಕಕ್ಕೆ ಸವೆಯತೊಡಗಿದರೆ ಕಾಲು ಆ ಪಕ್ಕಕ್ಕೇ ವಾಲಿ ಅದನ್ನು ಇನ್ನೂ ಬೇಗ ಸವೆಸುವುದಿಲ್ಲವೇ? ಹಾಗೆಯೇ ಇದು.

ಸಾಮಾನ್ಯವಾಗಿ ಐವತ್ತು ದಾಟಿದ ಮೇಲೆ, ಹೆಚ್ಚಾಗಿ ಟೊಂಕದ ಭಾಗದಲ್ಲಿ ಈ ಡೊಂಕು ಕಾಣಿಸಿಕೊಳ್ಳುತ್ತದೆ. ಮನೆಯವರ ಕಣ್ಣಿಗೆ ಮೊದಲು ಬೀಳುವುದು ಬೆನ್ನಲ್ಲ, ಬಟ್ಟೆ. ಸೀರೆಯ ಅಂಚು ಒಂದು ಪಕ್ಕಕ್ಕೆ ನೆಲ ಸವರುತ್ತದೆ, ಇನ್ನೊಂದು ಪಕ್ಕಕ್ಕೆ ಮೇಲೇರಿರುತ್ತದೆ. ಧೋತರ ಉಡುವವರ ಒಂದು ಕಡೆಯ ಟೊಂಕ ಎತ್ತರವಾಗಿ ಕಾಣುತ್ತದೆ. ಒಂದು ಬದಿಯ ಪಕ್ಕೆಯ ಕೆಳಗೆ ಚರ್ಮ ಮಡಿಕೆ ಬೀಳುತ್ತದೆ. ಇಂಥ ಗುರುತು ಕಂಡರೆ ಒಮ್ಮೆ ಎಲುಬಿನ ಡಾಕ್ಟರರಿಗೆ ತೋರಿಸುವುದು ಒಳ್ಳೆಯದು.

ಡೊಂಕನ್ನು ನಿಂತ ಭಂಗಿಯಲ್ಲಿ ತೆಗೆದ ಎಕ್ಸ್-ರೇ ಚಿತ್ರದ ಮೇಲೆ ಅಳೆಯುತ್ತಾರೆ. ನ್ಯೂಯಾರ್ಕಿನ ಡಾಕ್ಟರ್ ಜಾನ್ ಕಾಬ್ 1948ರಲ್ಲಿ ವಿವರಿಸಿದ ಅಳತೆಯೇ ಇಂದಿಗೂ ನಡೆದಿದೆ. ಅವರ ಹೆಸರಿನ ಕೋನ 10 ಡಿಗ್ರಿ ಅಥವಾ ಹೆಚ್ಚಾಗಿದ್ದರೆ ಸ್ಕೋಲಿಯೋಸಿಸ್ ಎಂದು ಕರೆಯುತ್ತಾರೆ. ಈ ಹೆಸರನ್ನು ಕೇಳಿಯೇ ಎದೆಗುಂದಬೇಕಾಗಿಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಅರವತ್ತು ದಾಟಿದ 75 ಮಂದಿ ಸ್ವಯಂಸೇವಕರ ಬೆನ್ನುಗಳನ್ನು ಪರೀಕ್ಷಿಸಿದಾಗ ನೂರಕ್ಕೆ 68 ಜನರಲ್ಲಿ ಡೊಂಕು ಕಂಡುಬಂದಿತು. ಅಂದರೆ ಡೊಂಕಿದ್ದವರೆಲ್ಲ ರೋಗಿಗಳಲ್ಲ. ಅದು ಬೆಳೆಯುವ ವೇಗವೂ ಸಾಮಾನ್ಯವಾಗಿ ನಿಧಾನ: ವರ್ಷಕ್ಕೆ ಒಂದೆರಡು ಡಿಗ್ರಿ, ಕೆಲವರಲ್ಲಿ ಮೂರು. ಪಕ್ಕಕ್ಕೆ ವಾಲುವುದಕ್ಕಿಂತ ದೇಹವೆಲ್ಲ ಮುಂದಕ್ಕೆ ಜೋಲುವುದೇ ಹೆಚ್ಚು ತೊಂದರೆ ಕೊಡುತ್ತದೆಂದು ಬಲ್ಲವರು ಹೇಳುತ್ತಾರೆ. ಆದುದರಿಂದ ಪಕ್ಕದಿಂದ ತೆಗೆದ ಚಿತ್ರವೂ ಮುಖ್ಯ. ಹಳೆಯ ಚಿತ್ರಗಳನ್ನು ಜೋಪಾನವಾಗಿಡಿರಿ. ಹೊಸದರೊಡನೆ ಹೋಲಿಸಿದಾಗಲೇ ಅವಕ್ಕೆ ಬೆಲೆ.

ನಿಂತರೆ ಬೇನೆ, ಕುಳಿತರೆ ಆರಾಮ

ತೊಂದರೆ ಎರಡು ಬಗೆಯದು. ಒಂದು, ಬೆನ್ನಿನದೇ ನೋವು. ಸವೆದ ಕೀಲುಗಳಿಂದ, ವಾಲಿದ ಭಾರವನ್ನು ಹಿಡಿದು ಹಿಡಿದು ದಣಿದ ಸ್ನಾಯುಗಳಿಂದ ಬರುವಂಥದು. ಇನ್ನೊಂದು, ಕಾಲಿನ ನೋವು. ಮಣಿಗಳ ನಡುವಿನ ದಾರಿ ಇಕ್ಕಟ್ಟಾಗಿ ಕಾಲಿಗೆ ಹೋಗುವ ನರಗಳು ಒತ್ತಿಕೊಂಡಾಗ ಅದು ಬರುತ್ತದೆ. ನಮ್ಮ ತಾಯಿಯವರು ಇದನ್ನು ನಾಲ್ಕೇ ಶಬ್ದಗಳಲ್ಲಿ ಹೇಳುತ್ತಿದ್ದರು: “ನಿಂತರ ಬ್ಯಾನಿ, ಕೂತರ ಆರಾಮ.” ಡಾಕ್ಟರರು ಆ ಮಾತು ಕೇಳಿ ಅರ್ಧ ರೋಗ ಗೊತ್ತಾಯಿತೆಂದರು. ನಡೆಯುತ್ತಿರುವಾಗ ಕಾಲು ಸೋತು, ಕುಳಿತೊಡನೆ ಅಥವಾ ಮುಂದೆ ಬಾಗಿದೊಡನೆ ಹಗುರವಾದರೆ ನರ ಇಕ್ಕಟ್ಟಾಗಿರುವ ಸಂಭವ ಹೆಚ್ಚು. ಬಾಗಿದಾಗ ಆ ದಾರಿ ತುಸು ಅಗಲವಾಗುತ್ತದೆ. ಸುಮ್ಮನೆ ನಿಂತ ಮಾತ್ರಕ್ಕೇ ನೋವು ಇಳಿಯುತ್ತಿದ್ದರೆ ಕಾಲಿನ ರಕ್ತನಾಳಗಳನ್ನು ಪರೀಕ್ಷಿಸಬೇಕಾಗುತ್ತದೆ. ಇಂಥವರಿಗೆ ಮೆಟ್ಟಿಲು ಏರುವುದಕ್ಕಿಂತ ಇಳಿಯುವುದೇ ಕಷ್ಟವಾಗುವುದುಂಟು. ಏರುವಾಗ ಮೈ ಮುಂದಕ್ಕೆ ಬಾಗಿರುತ್ತದಷ್ಟೆ.

ಇಲ್ಲಿ ಪರಊರಿನ ಕನ್ನಡಿಗರಿಗೆ ಒಂದು ವಿಶೇಷ ತೊಡಕಿದೆ. ಹಿರಿಯರು ನೋವನ್ನು ಹೇಳುವುದು ಕನ್ನಡದಲ್ಲಿ. ಡಾಕ್ಟರರು ಕೇಳುವುದು ಮರಾಠಿಯಲ್ಲೋ ಹಿಂದಿಯಲ್ಲೋ ತಮಿಳಿನಲ್ಲೋ. ನಡುವೆ ನಿಂತ ನಾವು ಎಲ್ಲವನ್ನೂ ‘ದರ್ದ್’ ಎಂಬ ಒಂದೇ ಶಬ್ದಕ್ಕೆ ಇಳಿಸಿಬಿಡುತ್ತೇವೆ. ಆದರೆ ಚಳಕು ಬೇರೆ, ಸೆಳೆತ ಬೇರೆ, ಜೋಮು ಬೇರೆ, ಉರಿ ಬೇರೆ. ಟೊಂಕದಿಂದ ಕಾಲಿಗೆ ಮಿಂಚಿನಂತೆ ಹರಿಯುವ ಚಳಕು, ಜೋಮು, ಉರಿ ಇವು ಬಹುಮಟ್ಟಿಗೆ ನರದ ಮಾತು. ಟೊಂಕದಲ್ಲೇ ಭಾರವಾಗಿ ನಿಲ್ಲುವ ನೋವು ಕೀಲು, ಸ್ನಾಯುಗಳ ಮಾತು. ಆದ್ದರಿಂದ ದವಾಖಾನೆಗೆ ಹೊರಡುವ ಮುನ್ನಾದಿನ ಮನೆಯಲ್ಲಿ ಕುಳಿತು, ಯಾವ ಶಬ್ದ ಯಾವ ಜಾಗಕ್ಕೆ ಸಲ್ಲುತ್ತದೆಂದು ಅವರಿಂದಲೇ ಬೆರಳಿಟ್ಟು ತೋರಿಸಿಕೊಂಡು, ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಹಿರಿಯರ ಪರವಾಗಿ ನಾವೇ ಉತ್ತರ ಕೊಡುವ ಅವಸರವನ್ನೂ ಬಿಡಬೇಕು.

ಹೆಜ್ಜೆಯ ಲೆಕ್ಕ

ನಮ್ಮ ಮನೆಯಿರುವುದು ಡೊಂಬಿವಲಿಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ. ಕಾಲು ಸೋಲತೊಡಗಿದ ಮೇಲೆ ತಾಯಿಯವರು ಮೊದಲು ಗುಡಿಗೆ ಹೋಗುವುದನ್ನು ಬಿಟ್ಟರು, ಆಮೇಲೆ ಕಾಯಿಪಲ್ಲೆ ತರುವುದನ್ನು ಬಿಟ್ಟರು, ಕೊನೆಗೆ ಕೆಳಗಿಳಿಯುವುದನ್ನೇ ಬಿಟ್ಟರು. “ನನ್ನ ಊರಿಗೆ ಕಳಿಸಿಬಿಡಪ್ಪಾ, ಅಲ್ಲೆ ಕಟ್ಟಿ ಮ್ಯಾಲೆ ಕೂತು ನಾಕು ಮಂದೀನರ ನೋಡ್ತೀನಿ” ಎಂದು ಒಂದು ದಿನ ಹೇಳಿದರು. ಊರಿನ ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಈ ರೋಗ ನಿಜವಾಗಿ ಕಸಿದುಕೊಳ್ಳುವುದು ಏನನ್ನು ಎಂಬುದು ಆಗ ನಮಗೆ ತಿಳಿಯಿತು. ಅದು ಬೆನ್ನಿನ ನೇರವನ್ನಲ್ಲ, ಮನುಷ್ಯರ ನಡುವಿನ ಓಡಾಟವನ್ನು.

ಕಚೇರಿಯ ಅಭ್ಯಾಸದಂತೆ ನಾನು ಒಂದು ಕಡತ ತೆರೆದೆ. ಅದರಲ್ಲಿ ಡಿಗ್ರಿಗಳ ಲೆಕ್ಕವಿಲ್ಲ. ಎಷ್ಟು ನಿಮಿಷ ನಿಲ್ಲಬಲ್ಲರು, ಎಷ್ಟು ದೀಪದ ಕಂಬ ದಾಟಬಲ್ಲರು, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಯಾವ ಗುಳಿಗೆ ಯಾವಾಗ, ಇಷ್ಟೇ. ಮೊದಲ ದಿನದ ಬರಹ: ನಾಲ್ಕು ಕಂಬ. ನೋವು ಜೋರಾಗುವ ಮೊದಲೇ ಕುಳಿತುಕೊಳ್ಳಬೇಕು, ಇಳಿದ ಮೇಲೆ ಮತ್ತೆ ಏಳಬೇಕು, ಇದು ನಮಗೆ ಹೇಳಿಕೊಟ್ಟ ನಿಯಮ. ಒಂದೇ ಸಲ ಅರ್ಧ ಗಂಟೆ ನಡೆಯುವುದಕ್ಕಿಂತ ಐದೈದು ನಿಮಿಷಗಳ ನಾಲ್ಕೈದು ಕಂತು ಲೇಸು. ಎಂಟು ತಿಂಗಳ ಬಳಿಕದ ಬರಹ: ನಡುವೆ ಎರಡು ಸಲ ಕುಳಿತು, ಹನ್ನೊಂದು ಕಂಬ. ಗುಡಿ ಇರುವುದು ಒಂಬತ್ತನೆಯ ಕಂಬದ ಬಳಿ. ಅದೇ ವರ್ಷದ ಎಕ್ಸ್-ರೇಯಲ್ಲಿ ಡೊಂಕು ಕಡಿಮೆಯಾಗಿರಲಿಲ್ಲ, ಒಂದು ಡಿಗ್ರಿ ಹೆಚ್ಚೇ ಇತ್ತು.

ವ್ಯಾಯಾಮ

ಈ ಸುಧಾರಣೆಯ ಹೆಚ್ಚಿನ ಪಾಲು ವ್ಯಾಯಾಮದ್ದು. ವ್ಯಾಯಾಮದಿಂದ ಸವೆದ ಮೆತ್ತೆ ಮರಳಿ ಬರುವುದಿಲ್ಲ. ಆದರೆ ಹೊಟ್ಟೆ, ಬೆನ್ನು, ತೊಡೆಗಳ ಸ್ನಾಯುಗಳು ಬಲಗೊಂಡರೆ ವಾಲಿದ ಕಂಬಕ್ಕೆ ಸುತ್ತಲೂ ಹಗ್ಗ ಬಿಗಿದಂತಾಗುತ್ತದೆ. ಅವು ಸರಳವಾದವು: ಕೈಯ ಆಸರೆಯನ್ನು ಆದಷ್ಟು ಕಡಿಮೆ ಮಾಡಿ ಕುರ್ಚಿಯಿಂದ ಎದ್ದು ಕೂಡುವುದು, ಅಂಗಾತ ಮಲಗಿ ಮೊಣಕಾಲು ಮಡಚಿ ಟೊಂಕವನ್ನು ಮೆಲ್ಲಗೆ ಎತ್ತಿ ಇಳಿಸುವುದು, ಉಸಿರು ಕಟ್ಟದೆ ಹೊಟ್ಟೆಯನ್ನು ಒಳಗೆ ಬಿಗಿಹಿಡಿದು ಬಿಡುವುದು, ಗೋಡೆಗೆ ಬೆನ್ನು ತಾಗಿಸಿ ನಿಲ್ಲುವುದು. ಆದರೆ ಒಬ್ಬರ ಡೊಂಕಿನಂತೆ ಇನ್ನೊಬ್ಬರದಿರುವುದಿಲ್ಲವಾದ್ದರಿಂದ ಮೊದಲ ಕೆಲವು ವಾರ ಫಿಜಿಯೋಥೆರಪಿ ಬಲ್ಲವರ ಮುಂದೆಯೇ ಕಲಿಯಬೇಕು. ಎಲುಬು ಸಡಿಲಾದವರು ಕಾಲ್ಬೆರಳು ಮುಟ್ಟುವಂತೆ ಬಾಗುವುದು, ಟೊಂಕವನ್ನು ಜೋರಾಗಿ ತಿರುಚುವುದು ಇಂಥವನ್ನು ಮಾಡಬಾರದು, ಯೋಗಾಸನವಾದರೂ ಅಷ್ಟೆ.

ನಮ್ಮ ಕಡೆ ಮೊಮ್ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವ ರೂಢಿಯುಂಟು. ಎಲುಬು ತೆಳುವಾದ ವಯಸ್ಸಿನಲ್ಲಿ ಅದು ಅಪಾಯಕರ. ಕಟಕಟನೆ ಸದ್ದು ಬರುವಂತೆ ಬೆನ್ನು ಮುರಿಸುವುದಂತೂ ಕೂಡದು. ಬಿಸಿನೀರಿನ ಶಾಖ, ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕುವುದು, ಇವುಗಳಿಂದ ಹಿತವಾಗುತ್ತದೆ, ಅವಕ್ಕೆ ಅಡ್ಡಿಯಿಲ್ಲ.

ಮನೆಯೊಳಗಿನ ಏರ್ಪಾಟು

ಬಿದ್ದರೆ ಮಾಡಿದ್ದೆಲ್ಲ ಹೋಯಿತು. ಆದುದರಿಂದ ಮೊದಲ ಖರ್ಚು ಬಚ್ಚಲು ಮನೆಗೆ: ಗೋಡೆಗೆ ಹಿಡಿಕೆ, ಜಾರದ ಹಾಸು, ಕುಳಿತು ಸ್ನಾನ ಮಾಡಲು ಗಟ್ಟಿ ಸ್ಟೂಲು, ಕುರ್ಚಿಯಂತೆ ಕೂಡುವ ಸಂಡಾಸು. ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪವಿರಲಿ. ನೆಲದ ಮೇಲೆ ಕುಳಿತು ಈಳಿಗೆ ಮಣೆಯಲ್ಲಿ ಹೆಚ್ಚುವ ಕೆಲಸ ಮೇಜಿನ ಮೇಲೆ ಬರಲಿ. ಕೆಲಸ ಬಿಡಿಸಬೇಡಿರಿ, ಎತ್ತರ ಬದಲಿಸಿರಿ. ಒಲೆಯ ಮುಂದೆ ಎತ್ತರದ ಸ್ಟೂಲೊಂದನ್ನಿಟ್ಟ ಮೇಲೆ ನಮ್ಮ ಮನೆಯಲ್ಲಿ ಒಗ್ಗರಣೆಯ ಅಧಿಕಾರ ಮರಳಿ ತಾಯಿಯವರ ಕೈಗೆ ಹೋಯಿತು. ಅಡುಗೆಯ ರುಚಿಯೂ ಸುಧಾರಿಸಿತೆಂದು ನನ್ನ ಹೆಂಡತಿಯೇ ಹೇಳುತ್ತಾಳೆ. ನೀರನ್ನು ಬಕೆಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿ ಅವರು ಎತ್ತಬಾರದು. ಚೀಲವಿದ್ದರೆ ಭಾರವನ್ನು ಎರಡು ಕೈಗೆ ಹಂಚಬೇಕು.

ಬೆನ್ನು ನೋವಿಗೆ ಬರಿ ನೆಲವೇ ಔಷಧವೆಂಬ ನಂಬಿಕೆ ಹಳೆಯದು. 2003ರಲ್ಲಿ ಪ್ರಕಟವಾದ ಸ್ಪೇನ್ ದೇಶದ ಅಧ್ಯಯನವೊಂದು, ಬಹುಕಾಲದ ಟೊಂಕ ನೋವಿನವರಿಗೆ ಅತಿ ಗಟ್ಟಿಯಾದ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಒಳ್ಳೆಯದೆಂದು ತೋರಿಸಿತು. ಮೇಲಾಗಿ, ನೆಲದಿಂದ ಏಳುವ ಕಷ್ಟ ಬೇರೆ. ಮಂಚವೇ ಇರಲಿ. ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಕೈಯೂರಿ ಏಳುವುದನ್ನು ಕಲಿಸಿರಿ.

ಕೋಲು ಹಿಡಿಯಲು ಹಿರಿಯರು ನಾಚುತ್ತಾರೆ. ಕೋಲಿನ ಹಿಡಿ, ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕಿರಬೇಕು. ಒಂದು ಕಾಲು ಸೋತಿದ್ದರೆ ಎದುರು ಕೈಯಲ್ಲಿ ಕೋಲಿರಬೇಕು. ನರದ ಇಕ್ಕಟ್ಟಿನವರಿಗೆ ಗಾಲಿಯ ವಾಕರ್ ಕೋಲಿಗಿಂತ ಮೇಲು. ಅದನ್ನು ಹಿಡಿದು ತುಸು ಬಾಗಿ ನಡೆದರೆ ದೂರ ಸಾಗಬಹುದು.

ಬೆಲ್ಟು, ಗುಳಿಗೆ, ಎಲುಬಿನ ಬಲ

ಒಂದು ಅಂಗಡಿಯಲ್ಲಿ ನಮಗೆ ದುಬಾರಿ ಬೆಲ್ಟೊಂದನ್ನು ತೋರಿಸಿ, ಆರು ತಿಂಗಳು ಹಗಲಿರುಳು ಕಟ್ಟಿದರೆ ಬೆನ್ನು ನೆಟ್ಟಗಾಗುತ್ತದೆಂದು ಹೇಳಿದರು. ಇದು ಸುಳ್ಳು. ಬೆಳೆಯುವ ಮಕ್ಕಳಲ್ಲಿ ಡೊಂಕು ಹೆಚ್ಚದಂತೆ ಪಟ್ಟಿ ತಡೆಯಬಲ್ಲದು. ಬೆಳೆದು ಮುಗಿದ ಬೆನ್ನನ್ನು ಯಾವ ಬೆಲ್ಟೂ ತಿದ್ದಲಾರದು. ನೋವು ಜೋರಾದಾಗ, ಪ್ರಯಾಣದಲ್ಲಿ, ಸ್ವಲ್ಪ ಹೊತ್ತು ಕಟ್ಟಿಕೊಂಡರೆ ಆಸರೆಯಾದೀತು. ಸದಾ ಕಟ್ಟಿದರೆ ಸ್ನಾಯುಗಳು ಇನ್ನಷ್ಟು ಸೋಮಾರಿಯಾಗುತ್ತವೆ.

ನೋವಿನ ಗುಳಿಗೆಗಳನ್ನು ಅಂಗಡಿಯಿಂದ ನೇರವಾಗಿ ತಂದು ತಿಂಗಳುಗಟ್ಟಲೆ ನುಂಗುವುದು ಅಪಾಯದ ಕೆಲಸ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಜಾತಿಯವು ವಯಸ್ಸಾದವರ ಜಠರದಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡಕ್ಕೆ ಕೇಡು ತರಬಹುದು, ರಕ್ತದೊತ್ತಡ ಏರಿಸಬಹುದು. ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ಡಾಕ್ಟರರೇ ಹೇಳಬೇಕು. ನರದ ನೋವಿಗೆ ಬೇರೆ ಔಷಧಗಳಿವೆ. ಬೆನ್ನಿನಲ್ಲಿ ನರಗಳ ಬಳಿ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವರಿಗೆ ಕೆಲವು ವಾರ ಅಥವಾ ತಿಂಗಳು ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಕೊಂಡರೆ ಅದು ಸಾರ್ಥಕ.

ಎಲುಬಿನ ಸಾಂದ್ರತೆಯನ್ನು ಡೆಕ್ಸಾ ಎಂಬ ಪರೀಕ್ಷೆಯಿಂದ ಅಳೆಯುತ್ತಾರೆ. ಅಂಕಿ ಸೊನ್ನೆಗಿಂತ ಕೆಳಗೆ 2.5 ಅಥವಾ ಅದಕ್ಕೂ ಕೆಳಗಿದ್ದರೆ ಎಲುಬು ಟೊಳ್ಳಾಗಿದೆ ಎಂದರ್ಥ. ಅದಕ್ಕೆ ಪ್ರತ್ಯೇಕ ಔಷಧವಿದೆ, ಅಲಕ್ಷಿಸಬಾರದು. ಹಿರಿಯರಿಗೆ ದಿನಕ್ಕೆ ಸುಮಾರು 1000ರಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದು ಲೋಟ ಹಾಲಿನಲ್ಲಿ 240ರಷ್ಟು. ಎಳ್ಳೂ ಒಳ್ಳೆಯದು. ಪೇಟೆಗೆ ಬಂದು ನಾವು ರಾಗಿ ಅಂಬಲಿಯನ್ನು ಮರೆತು ಬಿಸ್ಕೀಟಿಗೆ ಇಳಿದಿದ್ದೇವೆ. ಮೇಲಾಗಿ ಬಿಸಿಲು ಬಾರದ ಮನೆಗಳು. ‘ಡಿ’ ಜೀವಸತ್ವದ ಕೊರತೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರರು ಹೇಳಿದಂತೆ ಕೊಡಬೇಕು.

ಶಸ್ತ್ರಕ್ರಿಯೆ ಬೇಕೇ?

ಬಹಳ ಜನರಿಗೆ ಬೇಕಾಗುವುದಿಲ್ಲ. ಎಲ್ಲ ಉಪಾಯಗಳಾದ ಮೇಲೂ ಕಾಲಿನ ನೋವು ಬಾಳನ್ನು ಅಸಹನೀಯ ಮಾಡಿದಾಗ, ಅಥವಾ ಕಾಲಿನ ಬಲ ಇಳಿಯುತ್ತ ಹೋದಾಗ ಅದರ ಮಾತು ಬರುತ್ತದೆ. ಒತ್ತಿಕೊಂಡ ನರವನ್ನು ಬಿಡಿಸುವುದು ಚಿಕ್ಕ ಶಸ್ತ್ರಕ್ರಿಯೆ. ಸ್ಕ್ರೂ, ಸರಳು ಹಾಕಿ ಹಲವು ಮಣಿಗಳನ್ನು ಬೆಸೆಯುವುದು ದೊಡ್ಡದು. ಉತ್ತರ ಅಮೆರಿಕದ ಹಲವು ಆಸ್ಪತ್ರೆಗಳು 40ರಿಂದ 80 ವಯಸ್ಸಿನವರನ್ನು ಎರಡು ವರ್ಷ ಗಮನಿಸಿ 2019ರಲ್ಲಿ ಫಲ ಪ್ರಕಟಿಸಿದವು: ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ನೋವು ಮತ್ತು ಓಡಾಟ ಹೆಚ್ಚು ಸುಧಾರಿಸಿದ್ದವು, ಆದರೆ ಅವರಲ್ಲಿ ಕೆಲವರಿಗೆ ತೊಡಕುಗಳಾಗಿ ಮತ್ತೊಮ್ಮೆ ಶಸ್ತ್ರಕ್ರಿಯೆ ಬೇಕಾಯಿತು. ಆದುದರಿಂದ ಇಬ್ಬರು ತಜ್ಞರ ಅಭಿಪ್ರಾಯ ಪಡೆದು, ಹೃದಯ, ಸಕ್ಕರೆ, ಎಲುಬುಗಳ ಸ್ಥಿತಿ ನೋಡಿ, ಹಿರಿಯರ ಇಚ್ಛೆಯನ್ನೂ ಕೇಳಿ ನಿರ್ಧರಿಸಬೇಕು. ಬೆನ್ನು ಅವರದು.

ಖರ್ಚಿನ ಬಗ್ಗೆ ಒಂದು ಮಾತು. ಎಪ್ಪತ್ತು ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆವಾಸದ ಚಿಕಿತ್ಸೆಗೆ 2024ರ ಅಕ್ಟೋಬರಿನಲ್ಲಿ ಏರ್ಪಾಟಾಯಿತು. ಕೇಂದ್ರ ಸರಕಾರದ ಆರೋಗ್ಯ ಯೋಜನೆಯಲ್ಲಿರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕಾಗದಪತ್ರಗಳನ್ನು ಆಪತ್ತು ಬರುವ ಮೊದಲೇ ಮಾಡಿಸಿಡುವುದು ಜಾಣತನವೆಂದು ಕಾರಕೂನನಾಗಿ ಹೇಳಬಲ್ಲೆ.

ತಡಮಾಡಬಾರದ ಲಕ್ಷಣಗಳು

ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ತೊಡೆಗಳ ನಡುವೆ ಸ್ಪರ್ಶ ತಿಳಿಯದಿರುವುದು, ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಣ್ಣದಾಗಿ ಎಡವಿದ ಮೇಲೋ, ಏನನ್ನೋ ಎತ್ತಿದ ಮೇಲೋ ಒಮ್ಮೆಲೇ ಭಾರಿ ನೋವು ಬಂದರೆ ಮಣಿ ಕುಸಿದಿರಬಹುದು. ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ಅದು ಬರಿಯ ಸವೆತವಲ್ಲ. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯ ಅಪರೂಪವಲ್ಲ, ಅದಕ್ಕೆ ಮದ್ದೂ ಇದೆ. ಇಂಥ ವೇಳೆಯಲ್ಲಿ “ವಯಸ್ಸಾಯಿತು” ಎಂಬ ಮಾತು ಬಾಯಿಗೆ ಬರಕೂಡದು.

ಹಿರಿಯರನ್ನು ನಾವು ಪರಊರಿಗೆ ಕರೆತರುವುದು ಅವರನ್ನು ಸುಖವಾಗಿಡಬೇಕೆಂದು. ಸುಖವೆಂದರೆ ಹಾಸಿಗೆಯಲ್ಲ. ಕೆಳಗಿಳಿದು ಹೋಗಿ, ನಾಲ್ಕು ಜನರ ಮುಖ ನೋಡಿ, ತಮ್ಮ ಕಾಲ ಮೇಲೆ ಮರಳಿ ಬರುವ ಸ್ವಾತಂತ್ರ್ಯ. ದಾರಿಯಲ್ಲಿ ಅವರು ಕೂಡಲು ಒಂದು ಕಟ್ಟೆಯಿಲ್ಲವಾದರೆ ಮಡಚುವ ಸ್ಟೂಲನ್ನು ಮನೆಯವರೊಬ್ಬರು ಹಿಡಿದು ಜೊತೆಗೆ ನಡೆಯಬಹುದು. ವಾರಕ್ಕೊಮ್ಮೆಯಾದರೂ ಆ ಒಬ್ಬರು ನೀವಾಗಿರಿ.